ಹಾಜರಿ ಪುಸ್ತಕ ಹುಡುಕಿಕೊಂಡು ನೈಲ್ ನದಿಗೆ

ನಾನು ಓದಿದ್ದು ಕಾಮರ್ಸ್. ಆಮೇಲೆ 29 ವರ್ಷ ಸಂಬಳದ ವಿಭಾಗದಲ್ಲಿ ಕೆಲಸ. ಯಾರು ಬಂದರು, ಯಾರು ಬರಲಿಲ್ಲ, ಯಾಕೆ ಬರಲಿಲ್ಲ, ಎಷ್ಟು ಕಡಿತ. ದಿನವೆಲ್ಲ ಇದೇ. ಹಳೆಯ ವಿದ್ಯಾರ್ಥಿಗಳ ಸಂಘದಿಂದ ಬರುವ ಮೇಲ್‌ಗಳನ್ನು ನಾನು ತೆರೆದು ನೋಡಿದವಳೇ ಅಲ್ಲ. ಹೆಚ್ಚಿನವು ದೇಣಿಗೆ ಕೇಳುವಂಥವು. ಆದರೆ ಆವತ್ತು ಬಂದದ್ದರಲ್ಲಿ ಪಿರಮಿಡ್ಡಿನ ಚಿತ್ರವಿತ್ತು. ಕೆಳಗೆ, ಇತಿಹಾಸ ವಿಭಾಗದ ಪ್ರೊಫೆಸರರೊಬ್ಬರ ಜೊತೆ ಈಜಿಪ್ಟ್‌ನಲ್ಲಿ 12 ದಿನ, ದಿನಕ್ಕೊಂದು ಪಾಠ ಎಂದಿತ್ತು. ಹೊಸದಾಗಿ ನಿವೃತ್ತಿಯಾಗಿತ್ತು. ಮನೆಯಲ್ಲಿ ಕೂತು ಕೂತು ಬೇಜಾರೂ ಆಗಿತ್ತು. ಫಾರಂ ತುಂಬಿಬಿಟ್ಟೆ.

ತುಂಬುವಾಗ ನನಗೆ ಒಂದು ವಿಷಯ ಗೊತ್ತಿರಲಿಲ್ಲ. ಇಂಥ ಪ್ರವಾಸದಲ್ಲಿ ಮೂರು ಕಡೆಯವರು ಇರುತ್ತಾರೆ. ಸಂಘದ್ದು ಹೆಸರು ಮತ್ತು ಸದಸ್ಯರ ಪಟ್ಟಿ. ಹೋಟೆಲು, ಬಸ್ಸು, ದೋಣಿ, ಟಿಕೆಟ್ಟು ನೋಡಿಕೊಳ್ಳುವುದು ಒಂದು ಪ್ರವಾಸ ಕಂಪನಿ. ಪಾಠ ಮಾಡಲು ಬರುವವರು ಪ್ರೊಫೆಸರ್. ಅವರ ಖರ್ಚು ನಾವು ಕಟ್ಟುವ ಹಣದಲ್ಲೇ ಸೇರಿರುತ್ತದೆ. ಸಂಘಕ್ಕೂ ಒಂದು ಪಾಲು ಹೋಗುವುದುಂಟು. ಹಾಗಾಗಿ ಅದೇ ಊರುಗಳಿಗೆ ಸಾಮಾನ್ಯ ಪ್ಯಾಕೇಜಿನಲ್ಲಿ ಹೋಗುವುದಕ್ಕಿಂತ ಇದು ದುಬಾರಿ. ಏನಾದರೂ ತಾಪತ್ರಯ ಬಂದರೆ ಯಾರನ್ನು ಕೇಳಬೇಕು ಎನ್ನುವುದನ್ನು ಮೊದಲೇ ತಿಳಿದುಕೊಂಡಿರಬೇಕು. ನಾನು ಸಂಘಕ್ಕೆ ಫೋನ್ ಮಾಡಿದರೆ ಕಂಪನಿಯನ್ನು ಕೇಳಿ ಎಂದರು. ಕಂಪನಿಗೆ ಮಾಡಿದರೆ ಸಂಘವನ್ನು ಕೇಳಿ ಎಂದರು.

ತಾಪತ್ರಯ ಬಂದೇ ಬಂತು, ಅದೂ ನನ್ನಿಂದಲೇ. ಕಡಿಮೆ ದರದಲ್ಲಿ ಸಿಕ್ಕಿತು ಎಂದು ವಿಮಾನದ ಟಿಕೆಟ್ ತೆಗೆದುಬಿಟ್ಟೆ. ರದ್ದು ಮಾಡಿದರೆ ಹಣ ವಾಪಸ್ ಬರುವ ಟಿಕೆಟ್ ಅಲ್ಲ ಅದು. ಆಮೇಲೆ ಷರತ್ತುಗಳನ್ನು ಓದಿದೆ. ಕನಿಷ್ಠ 16 ಜನ ಸೇರದಿದ್ದರೆ ಪ್ರವಾಸವೇ ನಡೆಯುವುದಿಲ್ಲ, ಅವರು ವಾಪಸ್ ಕೊಡುವುದು ಪ್ರವಾಸದ ಹಣ ಮಾತ್ರ, ನಾವೇ ತೆಗೆದ ವಿಮಾನದ ಟಿಕೆಟ್‌ಗೆ ಅವರು ಹೊಣೆಯಲ್ಲ ಎಂದಿತ್ತು. ಮೂರು ವಾರ ಲೆಕ್ಕ 13ರಲ್ಲೇ ನಿಂತಿತ್ತು. ಬದುಕಿಡೀ ಬೇರೆಯವರ ಫಾರಂಗಳಲ್ಲಿ ಸಣ್ಣಕ್ಷರ ಓದಿದವಳು ನನ್ನದೇ ಫಾರಂನಲ್ಲಿ ಓದಿರಲಿಲ್ಲ ನೋಡಿ. ಕೊನೆಗೆ 24 ಜನ ಆದರು. 'ಪ್ರವಾಸ ಖಚಿತ' ಎಂಬ ಪತ್ರ ಕೈಗೆ ಬರುವವರೆಗೆ ವಿಮಾನದ ಟಿಕೆಟ್ ಮುಟ್ಟಬೇಡಿ.

ಒಬ್ಬರೇ ಒಂದು ಕೋಣೆ ತೆಗೆದುಕೊಂಡರೆ ಹೆಚ್ಚುವರಿ ದರ. ಅದನ್ನು ನೋಡಿ ಎದೆ ಧಸಕ್ಕೆಂದಿತು. ಕೋಣೆ ಹಂಚಿಕೊಳ್ಳಲು ಒಪ್ಪುತ್ತೇನೆ ಎನ್ನುವ ಜಾಗದಲ್ಲಿ ಗುರುತು ಹಾಕಿದೆ. ಒಂದು ವಾರದಲ್ಲಿ ಫೋನ್ ಬಂತು. ಅದೇ ಯೂನಿವರ್ಸಿಟಿಯಲ್ಲಿ ಪಶುವೈದ್ಯಕೀಯ ಓದಿದವರು, ನನಗಿಂತ ಆರು ವರ್ಷ ದೊಡ್ಡವರು. ಗುಂಪಿನಲ್ಲಿ ಕನ್ನಡ ಬರುವುದು ನಮ್ಮಿಬ್ಬರಿಗೇ ಎಂದು ಅವರೇ ಪಟ್ಟಿ ನೋಡಿ ಕಂಡುಹಿಡಿದಿದ್ದರು.

"ನಾನು ಗೊರಕೆ ಹೊಡೀತೀನಿ. ಈಗಲೇ ಹೇಳಿಬಿಡ್ತೀನಿ, ಆಮೇಲೆ ಜಗಳ ಬೇಡ."

"ಪರವಾಗಿಲ್ಲ ಮೇಡಂ. ನಾನು ನಿದ್ದೆಯಲ್ಲಿ ಲೆಕ್ಕ ಹೇಳ್ತೀನಂತೆ."

"ಮೇಡಂ ಬೇಡ ಮಾರಾಯ್ತಿ. ಅಕ್ಕ ಅನ್ನು ಸಾಕು."

ಆ ಫೋನಿನಿಂದ ಅವರು ಅಕ್ಕ ಆದರು.

ಹೊರಡುವ ಮೊದಲಿನ ಮೂರು ತಿಂಗಳೇ ಒಂದು ಸೆಮಿಸ್ಟರ್ ಇದ್ದ ಹಾಗಿತ್ತು. ಓದಬೇಕಾದ ಪುಸ್ತಕಗಳ ಪಟ್ಟಿ ಬಂತು. ಎರಡು ಆನ್‌ಲೈನ್ ತರಗತಿ ಆದವು. ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ಅವಧಿ ಇರಬೇಕು, ವಿಮೆ ಇರಬೇಕು, ಮಾತ್ರೆಗಳ ಚೀಟಿ ಇರಬೇಕು ಎಂಬ ಸೂಚನೆಗಳೂ ಬಂದವು. ಪ್ರವಾಸದ ಶ್ರಮದ ಮಟ್ಟ 'ಮಧ್ಯಮ' ಎಂದು ಬರೆದಿದ್ದರು. ಮಧ್ಯಮ ಅಂದರೆ ಏನು ಅಂತ ಕಂಪನಿಯನ್ನು ಕೇಳಿದೆ. "ಆರಾಮಾಗಿ ನಡೆಯಬಹುದು" ಎಂದರು. ಪ್ರೊಫೆಸರರನ್ನು ಕೇಳಿದೆ. "ದಿನಕ್ಕೆ ಏಳೆಂಟು ಸಾವಿರ ಹೆಜ್ಜೆ. ಕೆಳಗೆ ಮರಳು, ಮೇಲೆ ಬಿಸಿಲು. ಗೋರಿಗಳ ಒಳಗೆ ಇಳಿಜಾರು. ದೋಣಿಯಿಂದ ದೋಣಿಗೆ ದಾಟುವಾಗ ಹಿಡಿಯಲು ಕಂಬಿ ಇರುವುದಿಲ್ಲ" ಎಂದರು. ಮಾರನೇ ದಿನದಿಂದ ಮೆಟ್ಟಿಲು ಹತ್ತಿ ಇಳಿಯಲು ಶುರು ಮಾಡಿದೆ.

ಎರಡನೇ ತರಗತಿಯ ಕೊನೆಯಲ್ಲಿ ಪ್ರೊಫೆಸರ್ ಒಂದು ಹೋಂವರ್ಕ್ ಕೊಟ್ಟರು. ಪ್ರತಿಯೊಬ್ಬರೂ ಒಂದು ಪ್ರಶ್ನೆ ತರಬೇಕು. ಒಂದೇ ಒಂದು. ಗೂಗಲ್‌ನಲ್ಲಿ ಎರಡು ನಿಮಿಷಕ್ಕೆ ಉತ್ತರ ಸಿಗುವಂಥದ್ದು ಬೇಡ. ಒಬ್ಬರು ಸಾವಿನ ನಂತರದ ಬದುಕಿನ ಬಗ್ಗೆ ಕೇಳಿದರು. ಸಿವಿಲ್ ಎಂಜಿನಿಯರ್ ಒಬ್ಬರು ಕಲ್ಲಿನ ತೂಕದ ಬಗ್ಗೆ ಕೇಳಿದರು. ಅಕ್ಕ ಬೆಕ್ಕಿನ ಮಮ್ಮಿಗಳ ಬಗ್ಗೆ. ನನ್ನ ಸರದಿ ಬಂದಾಗ, "ಇಷ್ಟೆಲ್ಲ ಕಟ್ಟಿದ್ದಾರಲ್ಲ ಸರ್, ಹಾಜರಿ ಯಾರು ಹಾಕ್ತಿದ್ದರು?" ಎಂದೆ. ಪರದೆಯ ಮೇಲಿದ್ದವರೆಲ್ಲ ನಕ್ಕರು. ಪ್ರೊಫೆಸರ್ ನಗಲಿಲ್ಲ. ಏನೋ ಬರೆದುಕೊಂಡರು.

ಕೈರೋದಲ್ಲಿ ಮೊದಲ ಸಂಜೆ ಎಲ್ಲರ ಕೊರಳಿಗೂ ಒಂದು ಚೀಟಿ ಬಂತು. ಹೆಸರು, ಓದಿದ ವಿಷಯ, ಪದವಿ ಮುಗಿಸಿದ ವರ್ಷ. ಒಂದು ಗಂಟೆಯಲ್ಲಿ ಗಮನಿಸಿದೆ, ಯಾರೂ ಹೆಸರು ಓದುವುದಿಲ್ಲ. ಕಣ್ಣು ಸೀದಾ ವರ್ಷಕ್ಕೆ ಹೋಗುತ್ತದೆ. ನನಗಿಂತ ಮೊದಲಿನವರಾದರೆ ಬೆನ್ನು ಸ್ವಲ್ಪ ಬಾಗುತ್ತದೆ, ಆಮೇಲಿನವರಾದರೆ ದನಿ ಸ್ವಲ್ಪ ಏರುತ್ತದೆ. ಅರುವತ್ತು ದಾಟಿದವರಲ್ಲೂ ಸೀನಿಯರ್ ಜೂನಿಯರ್ ಹೋಗಿರಲಿಲ್ಲ.

ನಮ್ಮನ್ನು ನೋಡಿಕೊಳ್ಳಲು ಮೂವರಿದ್ದರು. ಪ್ರೊಫೆಸರ್ ಪಾಠಕ್ಕೆ. ಟೂರ್ ಮ್ಯಾನೇಜರ್ ಎಂಬ ಹುಡುಗಿ ಲಗೇಜು, ಊಟ, ಕಾಯಿಲೆ, ಜಗಳ ಎಲ್ಲದಕ್ಕೆ. ಮೂರನೆಯವರು ಈಜಿಪ್ಟಿನವರೇ ಆದ ಗೈಡ್. ಪ್ರಾಚೀನ ಈಜಿಪ್ಟನ್ನೇ ಓದಿ ಲೈಸೆನ್ಸ್ ಪಡೆದವರು. ಮೊದಲ ದಿನ ಗೈಡ್ ಮತ್ತು ಪ್ರೊಫೆಸರ್ ಇಬ್ಬರೂ ಒಬ್ಬರ ಮಾತನ್ನು ಇನ್ನೊಬ್ಬರು ನಯವಾಗಿಯೇ ತಿದ್ದುತ್ತಿದ್ದರು. ನಮಗೆ ಮುಜುಗರ. ಎರಡನೇ ದಿನಕ್ಕೆ ಅವರೇ ಒಂದು ಒಪ್ಪಂದಕ್ಕೆ ಬಂದಂತಿತ್ತು. ಸ್ಥಳದಲ್ಲಿ ಗೈಡ್ ಮಾತು, ದೋಣಿಯಲ್ಲಿ ಪ್ರೊಫೆಸರ್ ಮಾತು. ಆಮೇಲೆ ಇಬ್ಬರೂ ಒಟ್ಟಿಗೆ ಕೂತು ಟೀ ಕುಡಿಯುವಷ್ಟು ಸ್ನೇಹಿತರಾದರು.

ಎಲ್ಲರ ಕಿವಿಗೂ ಒಂದು ಇಯರ್‌ಫೋನ್, ಕೊರಳಿಗೆ ಪುಟ್ಟ ರಿಸೀವರ್. ಗೈಡ್ ಮೆಲ್ಲಗೆ ಮೈಕಿನಲ್ಲಿ ಮಾತಾಡಿದರೆ ಐವತ್ತು ಅಡಿ ದೂರದಲ್ಲೂ ಕೇಳಿಸುತ್ತದೆ. ಗೀಜಾದಲ್ಲಿ ಮೈಕ್ ಆರಿಸುವುದನ್ನು ಮರೆತು ಅವರು ಮಗಳ ಜೊತೆ ಫೋನಿನಲ್ಲಿ ಮಾತಾಡಿದರು. ಅರಬ್ಬಿ ನಮಗೆ ಬರುವುದಿಲ್ಲ. ಆದರೂ ಅದು ಪರೀಕ್ಷೆಯ ವಿಷಯ ಎಂದು 24 ಜನಕ್ಕೂ ಅರ್ಥವಾಯಿತು.

ಗೀಜಾದ ದೊಡ್ಡ ಪಿರಮಿಡ್ ಎದುರು ನಿಂತಾಗ ನನಗೆ ಏನೂ ಅನಿಸಲಿಲ್ಲ. ನಿಜ ಹೇಳುತ್ತಿದ್ದೇನೆ. ಚಿತ್ರದಲ್ಲಿ ಅಷ್ಟು ಸಲ ನೋಡಿಬಿಟ್ಟಿದ್ದೆ. ಸುಮಾರು 146 ಮೀಟರ್ ಎತ್ತರ ಇತ್ತಂತೆ, 20 ಲಕ್ಷಕ್ಕೂ ಹೆಚ್ಚು ಕಲ್ಲುಗಳಂತೆ. ಅಂಕಿಗಳು ತಲೆಯ ಮೇಲೆ ಹಾದುಹೋದವು. ಆಗ ಪ್ರೊಫೆಸರ್ ಪಕ್ಕಕ್ಕೆ ಬಂದು, "ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ" ಎಂದರು. ನಾನು ಪಿರಮಿಡ್ ಕಡೆ ನೋಡಿದೆ. "ಅಲ್ಲಲ್ಲ, ಇಲ್ಲಿ" ಎಂದು ಟ್ಯಾಬ್ ತೋರಿಸಿದರು.

2013ರಲ್ಲಿ ಕೆಂಪು ಸಮುದ್ರದ ದಡದ ವಾಡಿ ಅಲ್-ಜರ್ಫ್ ಎಂಬಲ್ಲಿ ಫ್ರೆಂಚ್ ಪುರಾತತ್ವಜ್ಞ ಪಿಯೆರ್ ತಾಲೆ ಅವರ ತಂಡಕ್ಕೆ ಪಪೈರಸ್, ಅಂದರೆ ಜೊಂಡಿನಿಂದ ಮಾಡಿದ ಹಳೆಯ ಕಾಲದ ಕಾಗದದ ಚೂರುಗಳು ಸಿಕ್ಕವು. ಬರಹವಿರುವ ಪಪೈರಸ್‌ಗಳಲ್ಲಿ ಇವಕ್ಕಿಂತ ಹಳೆಯವು ಈವರೆಗೆ ಸಿಕ್ಕಿಲ್ಲ. ಅವುಗಳಲ್ಲಿ ಮೆರೆರ್ ಎಂಬ ಮೇಲ್ವಿಚಾರಕನ ದಿನಚರಿ ಇದೆ. ಈ ದೊಡ್ಡ ಪಿರಮಿಡ್ ಕಟ್ಟಿಸಿದ ಖುಫು ದೊರೆಯ ಕಾಲದವನು. ಅವನ ತಂಡ ತುರಾ ಎಂಬಲ್ಲಿಂದ ಸುಣ್ಣಕಲ್ಲನ್ನು ದೋಣಿಯಲ್ಲಿ ಗೀಜಾಕ್ಕೆ ಸಾಗಿಸುತ್ತಿತ್ತು. ಇವತ್ತು ಕಲ್ಲು ತುಂಬಿದೆವು, ಇವತ್ತು ಹೊರಟೆವು, ರಾತ್ರಿ ಇಂಥಲ್ಲಿ ತಂಗಿದೆವು. ಇಷ್ಟೇ, ದಿನಾ. ಜೊತೆಗೆ ಸಿಕ್ಕ ಬೇರೆ ಚೂರುಗಳಲ್ಲಿ ಎಷ್ಟು ಆಹಾರ ಬರಬೇಕಿತ್ತು, ಎಷ್ಟು ಬಂತು, ಎಷ್ಟು ಬಾಕಿ ಎಂಬ ಕಾಲಂಗಳು. ಬಾಕಿಗೆ ಬೇರೆ ಕಾಲಂ! 4500 ವರ್ಷದ ಹಿಂದೆ. ಆಗ ತಲೆಯೆತ್ತಿ ಪಿರಮಿಡ್ ನೋಡಿದೆ. ಕಲ್ಲು ಈಗ ಬೇರೆ ಥರ ಕಂಡಿತು. ಪ್ರತಿ ಕಲ್ಲಿನ ಹಿಂದೆಯೂ ಯಾರೋ ಒಬ್ಬ ಗುಮಾಸ್ತ ಕೂತಿದ್ದಾನೆ ಅನಿಸಿತು.

ಮಧ್ಯಾಹ್ನ ನಮ್ಮನ್ನು ಒಂದು 'ಪಪೈರಸ್ ಸಂಸ್ಥೆ'ಗೆ ಕರೆದೊಯ್ದರು. ಹೊರಗೆ ಸಂಸ್ಥೆ, ಒಳಗೆ ಅಂಗಡಿ. ಹತ್ತು ನಿಮಿಷ ಪಪೈರಸ್ ಮಾಡುವ ರೀತಿ ತೋರಿಸಿ, ಒಂದು ಗಂಟೆ ಮಾರಿದರು. ಪ್ರೊಫೆಸರ್ ಬಸ್ಸಿನಿಂದ ಇಳಿಯಲೇ ಇಲ್ಲ. ಶೈಕ್ಷಣಿಕ ಪ್ರವಾಸ ಎಂದು ಹೆಚ್ಚು ಹಣ ತೆಗೆದುಕೊಂಡ ಮೇಲೆ ಇಂಥದ್ದನ್ನು ಸೇರಿಸಬಾರದು. ನಾನು ಮ್ಯಾನೇಜರ್ ಹುಡುಗಿಗೆ ಹೇಳಿದೆ. "ನನ್ನ ಕೈಯಲ್ಲಿಲ್ಲ ಮೇಡಂ, ಕಾರ್ಯಕ್ರಮದಲ್ಲಿದೆ" ಎಂದಳು. ಪಾಪ, ಅವಳೇನು ಮಾಡುತ್ತಾಳೆ.

ಲಕ್ಸರ್‌ಗೆ ವಿಮಾನದಲ್ಲಿ ಹೋಗಿ, ಅಲ್ಲಿಂದ ಅಸ್ವಾನ್‌ಗೆ ದೋಣಿ. ದೋಣಿ ಅಂದರೆ ತೇಲುವ ಹೋಟೆಲು. ಮೊದಲ ಪಾಠದಲ್ಲೇ ಪ್ರೊಫೆಸರ್ ನಮ್ಮ ಹಮ್ಮು ಇಳಿಸಿದರು. 1841ರಲ್ಲಿ ಇಂಗ್ಲೆಂಡಿನಲ್ಲಿ ರೈಲಿನಲ್ಲಿ ಜನರನ್ನು ಗುಂಪಾಗಿ ಕರೆದೊಯ್ದು ಶುರು ಮಾಡಿದ ಥಾಮಸ್ ಕುಕ್, 1869ರಲ್ಲೇ ಪ್ರವಾಸಿಗರ ಗುಂಪನ್ನು ನೈಲ್ ಮೇಲೆ ಸ್ಟೀಮರಿನಲ್ಲಿ ಕರೆತಂದಿದ್ದ. ಸೂಯೆಜ್ ಕಾಲುವೆ ತೆರೆದ ವರ್ಷವೂ ಅದೇ. "ನೀವು ಹೊಸದೇನೂ ಮಾಡುತ್ತಿಲ್ಲ. 150 ವರ್ಷ ಸವೆದ ದಾರಿ ಇದು. ಹೊಸದಾಗಿ ನೋಡಬಹುದು, ಅಷ್ಟೇ" ಎಂದರು.

ಪಾಠಗಳ ಸಮಯ ಮಾತ್ರ ಕೆಟ್ಟದ್ದು. ಬೆಳಿಗ್ಗೆ ಐದಕ್ಕೆ ಎದ್ದು, ಬಿಸಿಲಲ್ಲಿ ಸುತ್ತಿ, ಹೊಟ್ಟೆ ತುಂಬ ಉಂಡು, ಎರಡೂವರೆಗೆ ತಂಪು ಕೋಣೆಯಲ್ಲಿ ಕೂತು ಕತ್ತಲಲ್ಲಿ ಚಿತ್ರ ನೋಡಿದರೆ ಯಾರಿಗೆ ನಿದ್ದೆ ಬರುವುದಿಲ್ಲ ಹೇಳಿ. ಕಾಲೇಜಿನಲ್ಲಿ ಹಿಂದಿನ ಬೆಂಚಿನಲ್ಲಿ ಮಲಗಿದವರೆಲ್ಲ ಇಲ್ಲಿ ಮುಂದಿನ ಸೋಫಾದಲ್ಲೇ ಮಲಗಿದರು. ನಾನೂ ಮಲಗಿದೆ. ಅಕ್ಕ ಗೊರಕೆ ಹೊಡೆದರು. ಮೂರನೇ ದಿನ ಪ್ರೊಫೆಸರ್ ಪಾಠವನ್ನು ಸಂಜೆ ಆರಕ್ಕೆ, ದೋಣಿಯ ಮೇಲಿನ ಅಟ್ಟಕ್ಕೆ ಬದಲಾಯಿಸಿದರು. ಚಿತ್ರ ಇಲ್ಲ, ಬರೀ ಮಾತು. ಎರಡೂ ದಡಗಳಲ್ಲಿ ಹಸಿರಿನ ಒಂದು ಪಟ್ಟಿ, ಅದರ ಹಿಂದೆಯೇ ಮರಳು. ಎಲ್ಲರೂ ಎಚ್ಚರವಾಗಿ ಕೇಳಿಸಿಕೊಂಡ ಮೊದಲ ಪಾಠ ಅದು.

ಜಗಳ ಆದದ್ದು ಲಕ್ಸರ್‌ನ ಕಾರ್ನಾಕ್ ದೇವಸ್ಥಾನದಲ್ಲಿ. ಅಲ್ಲಿನ ದೊಡ್ಡ ಮಂಟಪದಲ್ಲಿ 134 ಕಂಬಗಳು. ಒಂದೊಂದು ಕಂಬದ ಹಿಂದೆಯೂ ಮನುಷ್ಯರು ಮಾಯವಾಗುತ್ತಾರೆ. ಗಂಡ ಹೆಂಡತಿ ಇಬ್ಬರು ಫೋಟೋ ತೆಗೆಯುತ್ತ ಮೂರನೇ ಸಲ ತಡವಾಗಿ ಬಂದರು. ಸಿವಿಲ್ ಎಂಜಿನಿಯರ್ ಸಿಡಿದುಬಿದ್ದರು. "ಇಪ್ಪತ್ತೇ ನಿಮಿಷ, ಏನಾಯ್ತೀಗ?" ಎಂದರು ಗಂಡ. ನನ್ನ ಬಾಯಿ ಸುಮ್ಮನಿರಲಿಲ್ಲ. "24 ಜನ, 20 ನಿಮಿಷ. 480 ನಿಮಿಷ ಆಯ್ತು. ಒಂದು ಪೂರ್ತಿ ಪಾಳಿ" ಎಂದೆ. ಬಸ್ಸಿನಲ್ಲಿ ಒಂದು ಕ್ಷಣ ಮೌನ. ಆಮೇಲೆ ಆ ಹೆಂಡತಿಯೇ ಮೊದಲು ನಕ್ಕರು. ಮಾರನೇ ದಿನದಿಂದ ಅವರು ಎಲ್ಲರಿಗಿಂತ ಮೊದಲು ಬಸ್ಸಿನಲ್ಲಿ ಕೂತಿರುತ್ತಿದ್ದರು. ಎಂಜಿನಿಯರ್ ಮಾತ್ರ ಕೊನೆಯ ದಿನದವರೆಗೂ ಅವರ ಜೊತೆ ಮಾತಾಡಲಿಲ್ಲ. ಗುಂಪು ಪ್ರವಾಸದಲ್ಲಿ ಇದೂ ಸೇರಿದೆ. ಹನ್ನೆರಡು ದಿನ ಒಬ್ಬರ ಮುಖ ಇನ್ನೊಬ್ಬರು ನೋಡಲೇಬೇಕು.

ದೊರೆಗಳ ಕಣಿವೆಯಲ್ಲಿ ಗೋರಿಗಳ ಒಳಗೆ ಗೈಡ್‌ಗಳು ವಿವರಣೆ ಕೊಡುವಂತಿಲ್ಲ. ಜನ ನಿಂತು ದಾರಿ ಕಟ್ಟುತ್ತದೆ ಎಂದು. ಹಾಗಾಗಿ ಹೊರಗೆ ನೆರಳಿನಲ್ಲಿ ಕೂರಿಸಿ ಎಲ್ಲ ಹೇಳಿ, ಆಮೇಲೆ ಒಳಗೆ ಕಳಿಸುತ್ತಾರೆ. ಪಾಠ ಮೊದಲು, ನೋಡುವುದು ಆಮೇಲೆ. ಇಡೀ ಪ್ರವಾಸ ಹೀಗೇ ಇರಬೇಕಿತ್ತು ಅನಿಸಿತು ನನಗೆ. ಆರನೇ ರಾಮ್ಸೆಸ್‌ನ ಗೋರಿಯ ಚಾವಣಿಯಲ್ಲಿ ಆಕಾಶ ದೇವತೆ ನುತ್ ಮೈಚಾಚಿದ್ದಾಳೆ. ಸಂಜೆ ಸೂರ್ಯನನ್ನು ನುಂಗುತ್ತಾಳೆ, ಬೆಳಿಗ್ಗೆ ಹೆರುತ್ತಾಳೆ. ಹೊರಗೆ ಕೇಳಿಸಿಕೊಂಡಿದ್ದರಿಂದ ಒಳಗೆ ಕತ್ತೆತ್ತಿ ನಿಂತು ಸುಮ್ನೆ ನೋಡಿದೆ. ಕಿವಿಯಲ್ಲಿ ಯಾರ ದನಿಯೂ ಇರಲಿಲ್ಲ. ಟುಟಾಂಖಾಮುನ್ ಗೋರಿಗೆ ಬೇರೆ ಟಿಕೆಟ್. 1922ರಲ್ಲಿ ಹೊವಾರ್ಡ್ ಕಾರ್ಟರ್ ತೆರೆದ ಗೋರಿ ಅದು. ಎಲ್ಲರೂ ಹೋದರು, ನಾನೂ ಹೋದೆ. ಚಿಕ್ಕದು, ಸೆಕೆ. ಬೇಗ ಹೊರಬಂದೆ.

ನನ್ನ ಗೋರಿ ಅದಲ್ಲ. ನನ್ನದು ಬೆಟ್ಟದ ಆಚೆ ಮಗ್ಗುಲಿನ ದೇರ್ ಅಲ್-ಮದೀನಾ. ಈ ಗೋರಿಗಳನ್ನೆಲ್ಲ ಕೊರೆದು, ಬಣ್ಣ ಬಳಿದ ಕೆಲಸಗಾರರ ಹಳ್ಳಿ. ಈಗ ಮೊಣಕಾಲೆತ್ತರದ ಗೋಡೆಗಳು ಮಾತ್ರ ಇವೆ. ಒಂದಕ್ಕೊಂದು ಅಂಟಿದ ಪುಟ್ಟ ಪುಟ್ಟ ಮನೆಗಳು, ನಡುವೆ ಒಂದೇ ಓಣಿ. ಬಹಳ ಗುಂಪುಗಳು ಇಲ್ಲಿಗೆ ಬರುವುದೇ ಇಲ್ಲ. ನಮ್ಮ ಕಾರ್ಯಕ್ರಮದಲ್ಲೂ 40 ನಿಮಿಷ ಎಂದಿತ್ತು. ಪ್ರೊಫೆಸರ್ ಹಟ ಮಾಡಿ ಎರಡು ಗಂಟೆ ಮಾಡಿಸಿದ್ದರು.

ಓಣಿಯ ನಡುವೆ ಒಂದು ಮನೆಯ ಹೊಸ್ತಿಲಲ್ಲಿ ನಿಲ್ಲಿಸಿ, "ಹಾಜರಿ ಯಾರು ಹಾಕುತ್ತಿದ್ದರು ಎಂದು ಕೇಳಿದವರು ಮುಂದೆ ಬನ್ನಿ" ಎಂದರು. ಟ್ಯಾಬಿನಲ್ಲಿ ಒಂದು ಸುಣ್ಣಕಲ್ಲಿನ ಚಪ್ಪಡಿಯ ಚಿತ್ರ. ಎರಡನೇ ರಾಮ್ಸೆಸ್‌ನ ಆಳ್ವಿಕೆಯ 40ನೇ ವರ್ಷದ್ದು, ಅಂದರೆ ಕ್ರಿ.ಪೂ. 13ನೇ ಶತಮಾನ. ಮೂಲ ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಬಲಗಡೆ ಸಾಲಾಗಿ 40 ಕೆಲಸಗಾರರ ಹೆಸರು. ಎದುರಿಗೆ ಅವರು ಬಾರದ ದಿನಗಳು ಕಪ್ಪು ಶಾಯಿಯಲ್ಲಿ. ಪ್ರತಿ ದಿನದ ಮೇಲೆ ಕಾರಣ, ಕೆಂಪು ಶಾಯಿಯಲ್ಲಿ.

ಕೆಂಪು ಶಾಯಿಯಲ್ಲಿ! ನಾನೂ ಹಾಗೇ ಬರೆಯುತ್ತಿದ್ದೆ, ಕಂಪ್ಯೂಟರ್ ಬರುವ ಮೊದಲು.

ಕಾರಣಗಳನ್ನು ಪ್ರೊಫೆಸರ್ ಒಂದೊಂದಾಗಿ ಓದಿದರು. ಮೈಗೆ ಹುಷಾರಿಲ್ಲ. ಕಣ್ಣು ನೋವು. ಬಿಯರ್ ತಯಾರಿಸುತ್ತಿದ್ದ. ಅಣ್ಣತಮ್ಮನ ಹೆಣಕ್ಕೆ ಬಟ್ಟೆ ಸುತ್ತುತ್ತಿದ್ದ. ಚೇಳು ಕಚ್ಚಿತು. ಹೆಂಡತಿ ಅಥವಾ ಮಗಳಿಗೆ ಮುಟ್ಟು. ಮೇಲಧಿಕಾರಿಯ ಸ್ವಂತ ಕೆಲಸಕ್ಕೆ ಹೋಗಿದ್ದ. ಕೊನೆಯದನ್ನು ಕೇಳಿ ನಾನು ಜೋರಾಗಿ ನಕ್ಕುಬಿಟ್ಟೆ. ಸಾಹೇಬರ ಮನೆಕೆಲಸಕ್ಕೆ ಹೋಗಿ ಆಫೀಸಿನಲ್ಲಿ ಗೈರಾದವರನ್ನು ನಾನು ಎಷ್ಟು ನೋಡಿಲ್ಲ! ನಮ್ಮ ಪುಸ್ತಕದಲ್ಲಿ ಅದನ್ನು 'ಕಚೇರಿ ಕೆಲಸದ ಮೇಲೆ' ಎಂದು ಬರೆಸುತ್ತಿದ್ದರು. ಆ ಗುಮಾಸ್ತ ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದಾನೆ.

ಸಂಬಳದ ಕಥೆಯೂ ಇದೇ ಓಣಿಯದ್ದು. ಹಣ ಇರಲಿಲ್ಲ. ತಿಂಗಳಿಗೆ ಇಷ್ಟು ಮೂಟೆ ಗೋಧಿ, ಇಷ್ಟು ಮೂಟೆ ಬಾರ್ಲಿ. ಮೇಸ್ತ್ರಿಗೆ ಜಾಸ್ತಿ. ಮೂರನೇ ರಾಮ್ಸೆಸ್‌ನ 29ನೇ ವರ್ಷದಲ್ಲಿ ದವಸ ಬರುವುದು ತಡವಾಯಿತು. ಕೆಲಸಗಾರರು ಉಪಕರಣ ಕೆಳಗಿಟ್ಟು ಹಳ್ಳಿಯ ಕಾವಲು ದಾಟಿ ಹೋಗಿ ದೇವಸ್ಥಾನದ ಹಿಂದೆ ಕೂತರು. ಹಸಿವು ಬಾಯಾರಿಕೆಯಿಂದ ಬಂದಿದ್ದೇವೆ, ಬಟ್ಟೆ ಇಲ್ಲ, ಎಣ್ಣೆ ಇಲ್ಲ, ಮೀನಿಲ್ಲ, ತರಕಾರಿ ಇಲ್ಲ ಎಂದರು. ಇದನ್ನು ಬರೆದಿಟ್ಟ ಪಪೈರಸ್ ಇಟಲಿಯ ಟೂರಿನ್‌ನಲ್ಲಿದೆ. ಲಿಖಿತ ದಾಖಲೆ ಇರುವ ಮುಷ್ಕರಗಳಲ್ಲಿ ಇದೇ ಮೊದಲನೆಯದು ಎನ್ನುತ್ತಾರೆ. ಪ್ರೊಫೆಸರ್ ಇದನ್ನು ಹೇಳುತ್ತಿದ್ದಾಗ ನಾನು ಓಣಿಯ ಅಳತೆ ನೋಡುತ್ತಿದ್ದೆ. ಇಬ್ಬರು ಎದುರು ಬದುರಾದರೆ ಒಬ್ಬರು ಗೋಡೆಗೆ ಒರಗಬೇಕು. ಇಷ್ಟು ಇಕ್ಕಟ್ಟಿನಲ್ಲಿ ದವಸ ಬರಲಿಲ್ಲ ಎಂಬ ಸುದ್ದಿ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗಲು ಎಷ್ಟು ಹೊತ್ತು ಬೇಕು? ಸಂಬಳ ಎರಡು ದಿನ ತಡವಾದರೆ ನಮ್ಮ ಕಿಟಕಿಯ ಮುಂದೆ ಸೇರುತ್ತಿದ್ದ ಮುಖಗಳು ನೆನಪಾದವು.

ಆಮೇಲೆ ಎಸ್ನಾದ ಲಾಕ್ ದಾಟಿದೆವು. ನೀರು ಏರಿಸಿ ದೋಣಿಯನ್ನು ಮೇಲಿನ ಮಟ್ಟಕ್ಕೆ ಎತ್ತುವ ಜಾಗ ಅದು. ವ್ಯಾಪಾರಿಗಳು ಕೆಳಗಿನ ಪುಟ್ಟ ದೋಣಿಗಳಿಂದ ಪ್ಲಾಸ್ಟಿಕ್ ಚೀಲದಲ್ಲಿ ಬಟ್ಟೆ ಸುತ್ತಿ ಅಟ್ಟದ ಮೇಲಕ್ಕೆ ಎಸೆಯುತ್ತಾರೆ. ಬೇಕಾದರೆ ಹಣ ಹಾಕಿ ಚೀಲ ಎಸೆಯಬೇಕು, ಬೇಡವಾದರೆ ಬಟ್ಟೆಯನ್ನೇ ಎಸೆಯಬೇಕು. ಎದ್ಫು ದೇವಸ್ಥಾನ ನೋಡಿದೆವು. ಕೊಂ ಒಂಬೋದಲ್ಲಿ ಮೊಸಳೆ ದೇವರು ಸೊಬೆಕ್‌ನ ಗುಡಿ, ಪಕ್ಕದ ಮ್ಯೂಸಿಯಂನಲ್ಲಿ ಮೊಸಳೆಗಳ ಮಮ್ಮಿಗಳು. ಅಕ್ಕ ಗಾಜಿಗೆ ಮೂಗು ಒತ್ತಿ ನಿಂತರು. "ಇಷ್ಟು ದೊಡ್ಡದಾಗೋವರೆಗೆ ಸಾಕಿದ್ದಾರೆ ಅಂದ್ರೆ ಯಾರೋ ದಿನಾ ಮೀನು ಹಾಕಿರಬೇಕು ಕಣೇ. ಅವನದ್ದೂ ಒಂದು ಕೆಲಸ ನೋಡು" ಎಂದರು. ನನ್ನ ಕಾಯಿಲೆ ಅವರಿಗೂ ಅಂಟಿತ್ತು.

ಅಸ್ವಾನ್‌ನಲ್ಲಿ ನನಗೆ ಹೊಟ್ಟೆ ಕೆಟ್ಟಿತು. ಕಟ್ಟುನಿಟ್ಟಾಗಿ ಬಾಟಲಿ ನೀರು ಕುಡಿದಿದ್ದೆ, ಆದರೂ. ಒಂದು ದಿನವಿಡೀ ಕೋಣೆಯಲ್ಲೇ. ಎಲ್ಲರೂ ಫಿಲೆ ದೇವಸ್ಥಾನಕ್ಕೆ ಹೋದರು. ಅಣೆಕಟ್ಟಿನ ನೀರಿನಿಂದ ಉಳಿಸಲು ಕಳಚಿ ಪಕ್ಕದ ದ್ವೀಪದಲ್ಲಿ ಮತ್ತೆ ಜೋಡಿಸಿದ ದೇವಸ್ಥಾನ. ಇಡೀ ಪ್ರವಾಸದಲ್ಲಿ ನಾನು ಅತಿ ಹೆಚ್ಚು ಓದಿಕೊಂಡು ಬಂದದ್ದು ಅದರ ಬಗ್ಗೆಯೇ. ಸಂಜೆ ಅಕ್ಕ ಬಂದು ಬಾಗಿಲಲ್ಲೇ ನಿಂತು ನಗತೊಡಗಿದರು. ಬಸ್ಸಿನಲ್ಲಿ ಮ್ಯಾನೇಜರ್ ಹುಡುಗಿ ತಲೆ ಎಣಿಸಿ 23 ಎಂದಾಗ ಪ್ರೊಫೆಸರ್ ಜೇಬಿನಿಂದ ಕೆಂಪು ಪೆನ್ನು ತೆಗೆದು, ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ 'ಚೇಳು' ಎಂದು ಬರೆದರಂತೆ.

ಅದೇ ದಿನ ಗುಂಪಿನವರು, ಹಿಂದಿನ ಕಾಲದವರು ಅರ್ಧಕ್ಕೆ ಬಿಟ್ಟ ಒಬೆಲಿಸ್ಕ್ ಕೂಡ ನೋಡಿದ್ದರು. ಬಂಡೆಯಲ್ಲೇ ಮಲಗಿರುವ ಸುಮಾರು 42 ಮೀಟರ್ ಉದ್ದದ ಕಂಬ. ಎಬ್ಬಿಸಿದ್ದರೆ ಸಾವಿರ ಟನ್ನಿಗೂ ಹೆಚ್ಚು ತೂಗುತ್ತಿತ್ತು. ಕೊರೆಯುವಾಗ ಬಿರುಕು ಬಿಟ್ಟಿತು, ಹಾಗೇ ಬಿಟ್ಟರು. ಸಿವಿಲ್ ಎಂಜಿನಿಯರ್ ಆ ಬಿರುಕಿನ ಪಕ್ಕ ಮುಕ್ಕಾಲು ಗಂಟೆ ನಿಂತರಂತೆ. ಕರೆದರೂ ಬರಲಿಲ್ಲವಂತೆ. ಆವತ್ತು ಬಸ್ಸು ತಡವಾದದ್ದು ಅವರಿಂದ. ಯಾರೂ ಏನೂ ಅನ್ನಲಿಲ್ಲ, ಆ ಗಂಡ ಹೆಂಡತಿ ಕೂಡ.

ಬಂಡೆಯಲ್ಲಿ ಕೊರೆದ ಅಬು ಸಿಂಬೆಲ್ ಗುಡಿ ಬೇಕಾದವರಿಗೆ ಮಾತ್ರ, ಹೆಚ್ಚುವರಿ ಹಣಕ್ಕೆ. ಬೆಳಗಿನ ನಾಲ್ಕಕ್ಕೆ ಹೊರಡಬೇಕು. ಮೂರೂವರೆ ಗಂಟೆ ಮರಳುಗಾಡಿನ ರಸ್ತೆ. ಹೊಟ್ಟೆ ಇನ್ನೂ ಪೂರ್ತಿ ಸರಿಯಿರಲಿಲ್ಲ. ಫಿಲೆ ತಪ್ಪಿದ ಹೊಟ್ಟೆಕಿಚ್ಚಿಗೆ ಹೊರಟೆ.

ದಾರಿಯಲ್ಲಿ, ಇನ್ನೂ ಕತ್ತಲಿರುವಾಗಲೇ, ಪ್ರೊಫೆಸರ್ ಬಸ್ಸಿನ ಮೈಕ್ ಹಿಡಿದು ಅಮೀಲಿಯಾ ಎಡ್ವರ್ಡ್ಸ್ ಎಂಬ ಇಂಗ್ಲಿಷ್ ಕಾದಂಬರಿಕಾರ್ತಿಯ ಕಥೆ ಹೇಳಿದರು. ಫ್ರಾನ್ಸಿನಲ್ಲಿ ಮಳೆ ಬಿಡಲಿಲ್ಲವೆಂದು ಬಿಸಿಲು ಹುಡುಕಿಕೊಂಡು 1873ರಲ್ಲಿ ಈಜಿಪ್ಟಿಗೆ ಬಂದವಳು. ನಮ್ಮ ಹಾಗೇ ಪ್ರವಾಸಿ. 1874ರಲ್ಲಿ ಅಬು ಸಿಂಬೆಲ್‌ಗೆ ಬಂದಾಗ ದೊಡ್ಡ ವಿಗ್ರಹವೊಂದರ ಮುಖದ ಮೇಲೆ ಹಿಂದೆ ಯಾರೋ ಅಚ್ಚು ತೆಗೆದಾಗ ಉಳಿದ ಬಿಳಿ ಗಾರೆ ಮೆತ್ತಿಕೊಂಡಿತ್ತು. ದೋಣಿಯ ಆಳುಗಳಿಂದ ಅದನ್ನು ಕೆರೆಸಿ, ಹೋಗದ ಬಿಳಿ ಕಲೆಗಳಿಗೆ ಕಾಫಿ ಬಳಿಸಿದಳು, ಕಲ್ಲಿನ ಬಣ್ಣ ಬರಲಿ ಎಂದು. ಊರಿಗೆ ಮರಳಿದ ಮೇಲೆ ಸುಮ್ಮನೆ ಕೂರಲಿಲ್ಲ. 1882ರಲ್ಲಿ ಈಜಿಪ್ಟ್ ಎಕ್ಸ್‌ಪ್ಲೊರೇಶನ್ ಫಂಡ್ ಎಂಬ ಸಂಸ್ಥೆ ಕಟ್ಟುವುದರಲ್ಲಿ ಮುಂದೆ ನಿಂತಳು. ಆ ಸಂಸ್ಥೆಯ ಹಣದಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಎಂಬಿಬ್ಬರು ಆಕ್ಸಿರಿಂಕಸ್ ಎಂಬ ಹಳೆಯ ಪಟ್ಟಣದ ಕಸದ ಗುಡ್ಡೆಗಳನ್ನು ಅಗೆದರು. ರಾಶಿ ರಾಶಿ ಪಪೈರಸ್ ಸಿಕ್ಕಿತು. 1903ರಲ್ಲಿ ಅವರು ಪ್ರಕಟಿಸಿದ ಸಂಪುಟದಲ್ಲಿ 413ನೆಯದು ಒಂದು ಗ್ರೀಕ್ ಪ್ರಹಸನ. ಚಾರಿಷನ್ ಎಂಬ ಗ್ರೀಕ್ ಹೆಣ್ಣು ಭಾರತದ ಕರಾವಳಿಯ ರಾಜನೊಬ್ಬನ ಕೈಯಲ್ಲಿ ಸಿಕ್ಕಿಬಿದ್ದಿದ್ದಾಳೆ. ರಾಜನಿಗೂ ಅವನ ಕಡೆಯವರಿಗೂ ಕುಡಿಸಿ ಅವಳನ್ನು ಬಿಡಿಸಿಕೊಂಡು ಹೋಗುತ್ತಾರೆ. ರಾಜನ ಕಡೆಯವರು ಆಡುವ ಮಾತು ಗ್ರೀಕ್ ಅಲ್ಲ.

ಇಷ್ಟು ಹೇಳಿ ಅವರು ನಿಲ್ಲಿಸಿದರು. "ನಿಮ್ಮಿಬ್ಬರ ಭಾಷೆ ಯಾವುದು ಎಂದು ಮೊದಲ ದಿನ ಕೇಳಿದ್ದೆನಲ್ಲ, ಇದಕ್ಕೇ" ಎಂದು ನನ್ನ ಕೈಗೆ ಒಂದು ಚೀಟಿ ಕೊಟ್ಟರು. "ಜೋರಾಗಿ ಓದಿ."

ಬಸ್ಸಿನ ಮಂದ ಬೆಳಕಿನಲ್ಲಿ ಓದಿದೆ. "ಬೇರೆ ಕೊಂಚ ಮಧು ಪಾತ್ರಕ್ಕೆ ಹಾಕಿ."

ಅಕ್ಕ ಸೀಟಿನಿಂದ ಎದ್ದೇ ಬಿಟ್ಟರು.

ಅದು ಮೈಸೂರಿನ ವಿದ್ವಾಂಸ ಆರ್. ಶಾಮಾ ಶಾಸ್ತ್ರಿಗಳು ಆ ಗ್ರೀಕ್ ಅಕ್ಷರಗಳನ್ನು ಓದಿದ ಬಗೆ. ಅದಕ್ಕೂ ಮೊದಲು, 1904ರಲ್ಲಿ, ಇದು ಕನ್ನಡ ಇರಬಹುದು ಎಂದವರು ಜರ್ಮನ್ ವಿದ್ವಾಂಸ ಹುಲ್ಟ್ಸ್. ಗೋವಿಂದ ಪೈಗಳೂ ಇದರ ಬಗ್ಗೆ ಬರೆದರು. ಎಲ್ಲ ವಿದ್ವಾಂಸರೂ ಒಪ್ಪುವುದಿಲ್ಲ, ಬರೀ ಅರ್ಥವಿಲ್ಲದ ಸದ್ದು ಎನ್ನುವವರೂ ಇದ್ದಾರೆ ಎಂದು ಪ್ರೊಫೆಸರ್ ಎಚ್ಚರಿಸಿದರು. ಒಪ್ಪುತ್ತಾರೋ ಬಿಡುತ್ತಾರೋ, ಬೆಳಗಿನ ಐದು ಗಂಟೆಗೆ ಆ ಬಸ್ಸಿನಲ್ಲಿದ್ದ 19 ಜನರಿಂದಲೂ ಅಕ್ಕ ಆ ಸಾಲನ್ನು ಹೇಳಿಸಿದರು. ಕೊಂಚ ಎನ್ನಲು ಎಂಜಿನಿಯರಿಗೆ ನಾಲಿಗೆ ಹೊರಳಲಿಲ್ಲ. ಡ್ರೈವರ್ ಮೊದಲ ಸಲಕ್ಕೇ ಸರಿಯಾಗಿ ಹೇಳಿದ.

ಅಬು ಸಿಂಬೆಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಾಲ್ಕು ವಿಗ್ರಹಗಳು, ಒಂದೊಂದೂ ಸುಮಾರು 20 ಮೀಟರ್. ಇದನ್ನೂ ಅಣೆಕಟ್ಟಿನ ನೀರಿನಿಂದ ಉಳಿಸಲು 1964ರಿಂದ 1968ರವರೆಗೆ ಇಡೀ ಗುಡಿಯನ್ನು ಸಾವಿರಕ್ಕೂ ಹೆಚ್ಚು ತುಂಡುಗಳಾಗಿ ಕೊಯ್ದು ಸುಮಾರು 65 ಮೀಟರ್ ಮೇಲೆ, 200 ಮೀಟರ್ ಹಿಂದೆ ಮತ್ತೆ ಕಟ್ಟಿದರು. ಎಲ್ಲರೂ ಕೊಯ್ದ ಗೆರೆ ಹುಡುಕುತ್ತಿದ್ದರು. ಅಕ್ಕ ಮತ್ತು ನಾನು ಕಾಫಿ ಕಲೆ ಹುಡುಕಿದೆವು. ಸಿಗಲಿಲ್ಲ.

ಕೊನೆಯ ರಾತ್ರಿ ಊಟದ ಮೊದಲು ಪ್ರೊಫೆಸರ್ ಬಾಕಿ ಪ್ರಶ್ನೆಗಳನ್ನು ಎತ್ತಿಕೊಂಡರು. ನನ್ನದು ಬಂದಾಗ ತಾವು ಕೂತು, "ಇದನ್ನು ಬಲ್ಲವರು ಹೇಳಲಿ" ಎಂದರು. ಹತ್ತು ನಿಮಿಷ ಮಾತಾಡಿದೆ. ಪದವಿ ತರಗತಿಯ ಸೆಮಿನಾರ್ ಆದಮೇಲೆ ಹೀಗೆ ನಿಂತು ಮಾತಾಡಿದ್ದು ಇದೇ ಮೊದಲು. ಹಾಜರಿ ಪುಸ್ತಕದಲ್ಲಿ ಕಾರಣ ಬರೆಯುವುದು ಸುಮ್ಮನೆ ಅಲ್ಲ, ಯಾವುದನ್ನು ಒಪ್ಪಬೇಕು, ಯಾವುದಕ್ಕೆ ಕಡಿತ ಎಂದು ಮೇಲಿನವರು ಕೇಳಿದಾಗ ತೋರಿಸಲು ಬರೆಯುವುದು ಎಂದೆ. ಆ ಗುಮಾಸ್ತನಿಗೂ ಯಾರೋ ಕೇಳುವವರಿದ್ದಿರಬೇಕು ಎಂದೆ. ಗೈಡ್ ಕೈ ಎತ್ತಿ ಎರಡು ಪ್ರಶ್ನೆ ಕೇಳಿದರು. ಪ್ರೊಫೆಸರ್ ಮತ್ತೆ ಏನೋ ಬರೆದುಕೊಂಡರು.

ಅಭಿಪ್ರಾಯದ ಫಾರಂನಲ್ಲಿ ಪಪೈರಸ್ ಅಂಗಡಿಯ ಬಗ್ಗೆ, 'ಮಧ್ಯಮ' ಎಂಬ ಪದದ ಬಗ್ಗೆ, ಮಧ್ಯಾಹ್ನದ ಪಾಠದ ಬಗ್ಗೆ ಬರೆದೆ. ಜಾಗ ಸಾಲದೆ ಹಿಂದುಗಡೆಗೂ ಹೋದೆ. ಗೈಡ್, ಡ್ರೈವರ್, ದೋಣಿಯವರಿಗೆ ಕೊಡುವ ಟಿಪ್ಸ್ ಕವರುಗಳಿಗೆ ಚಿಲ್ಲರೆ ಹೊಂದಿಸುವುದು ಒಂದು ದೊಡ್ಡ ಕೆಲಸ. ಅದನ್ನು ಮೊದಲ ದಿನವೇ ಹೇಳಿದ್ದರೆ ಚೆನ್ನಾಗಿತ್ತು ಎಂದೂ ಸೇರಿಸಿದೆ.

ಗುಂಪಿನ ವಾಟ್ಸ್ಆ್ಯಪ್ ಮೊದಲ ತಿಂಗಳು ಫೋಟೋಗಳಿಂದ ತುಂಬಿತ್ತು, ಈಗ ತಣ್ಣಗಾಗಿದೆ. ಅಕ್ಕ ಮಾತ್ರ ಬಿಟ್ಟಿಲ್ಲ. ನನ್ನ ಮಂಡಿಗೆ ಒಳ್ಳೆಯದು ಎಂದು ಇಬ್ಬರೂ ದಿನಾ ಬೆಳಿಗ್ಗೆ ನಮ್ಮ ನಮ್ಮ ಊರಿನಲ್ಲಿ ನಡೆಯುವುದು, ಎಷ್ಟು ಹೆಜ್ಜೆ ಎಂದು ಒಬ್ಬರಿಗೊಬ್ಬರು ಕಳಿಸುವುದು ಎಂದು ಒಪ್ಪಂದ ಆಗಿದೆ. ಇವತ್ತು ಅವರಿಂದ ಅಂಕಿ ಬರಲಿಲ್ಲ. ಎಂಟು ಗಂಟೆಗೆ ಒಂದು ಚೀಟಿಯ ಫೋಟೋ ಬಂತು, ಕೆಂಪು ಬಣ್ಣದ ಅಕ್ಷರಗಳಲ್ಲಿ: "ಬಿಯರ್ ತಯಾರಿಸುತ್ತಿದ್ದೆ."